ಕಾರ್ಡ್ ಬದಲಿಸೋ ಮುಂಚೆ ಗೆರೆ ನೋಡ್ರಿ

ಭಾಗ 1/9

ಈ ಸಲ ಕಾರಿನ ಚಂದದ ಸ್ಕ್ರೀನ್‌ಶಾಟ್ ಇಲ್ಲ. ಫೋಟೋದಾಗ ಕಾಣ್ತಿರೋದು ಒಂದು ಗೆರೆ. ಉದ್ದಕ್ಕೂ ಸಪಾಟ್ ಹೋಗ್ತದ, ನಡುನಡುವೆ ಜಾಲಿ ಮುಳ್ಳಿನಂಗ ಒಂದೊಂದು ಮೇಲೆದ್ದು ನಿಂತದ. ಆ ಮುಳ್ಳೇ ಈ ಸರಣಿಯ ವಿಷಯ.

ರೇಸಿಂಗ್ ಸಿಮ್ ಆಡೋರಿಗೆ ಇದು ಗೊತ್ತು. ಎಲ್ಲಾ ಸರಿ ಇರ್ತದ, ಮೂಲೆಯಲ್ಲಿ ಎಫ್‌ಪಿಎಸ್ 60 ಹತ್ರಾನೇ ತೋರಿಸ್ತಿರ್ತದ. ಆದ್ರ ಬ್ರೇಕ್ ಒತ್ತೋ ಹೊತ್ತಿಗೇ ಚಿತ್ರ ಒಂದು ಕ್ಷಣ ತಡವರಿಸ್ತದ. ಮತ್ತೆ ಸರಿ. ಇದಕ್ಕ ಮೈಕ್ರೋ ಸ್ಟಟರ್ ಅಂತಾರ. ನಾವು ಝಟಕಾ ಅಂತೀವಿ.

ಶಹಾಪುರದ ಒಬ್ಬ ಹುಡುಗ ನನಗ ಮೆಸೇಜ್ ಮಾಡಿದ್ದ: "ಅಣ್ಣಾ, ಭಾಳ ಝಟಕಾ ಹೊಡಿಲಾಕತ್ತದ, ಏನ್ ಮಾಡ್ಲಿ?" ನಾನು ಒಂದು ಪ್ರಶ್ನೆನೂ ಕೇಳಲಿಲ್ಲ. "ಕಾರ್ಡ್ ಹಳೇದಾಯ್ತು, ಬದಲಿಸು" ಅಂದೆ. ಎರಡು ಸೆಕೆಂಡಿನ ಉತ್ತರ.

ಅವನು ಮನೆಯಲ್ಲಿ ಕೇಳಿದ. ಹತ್ತಿ ಮಾರಿದ ದುಡ್ಡು ಆಗಷ್ಟೇ ಬಂದಿತ್ತು. ಅದರಾಗ 14,000 ರೂಪಾಯಿ ತಗೊಂಡು ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಕಾರ್ಡ್ ತಂದ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯೆಲ್ಲಾ ತೊಡಿ ಮ್ಯಾಲೆ ಇಟ್ಕೊಂಡು ಬಂದು ಯಾದಗಿರಿಯಲ್ಲಿ ಇಳಿದ, ಅಲ್ಲಿಂದ ಬಸ್ಸು. ಮಧ್ಯಾಹ್ನ ಹಾಕಿದ. ಸಂಜಿಗೆ ಮೆಸೇಜ್ ಬಂತು.

"ಅಣ್ಣಾ, ಹಂಗೇ ಅದ."

ಬೈಲಿಲ್ಲ, ಸಿಟ್ಟಾಗಲಿಲ್ಲ. ಅಷ್ಟೇ ಬರೆದಿದ್ದ. ಬೈದಿದ್ರೆ ನನಗ ಸಮಾಧಾನ ಆಗ್ತಿತ್ತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಉಳಿದದ್ದು ಆಮೇಲೆ ಓದ್ರಿ. ಅಳತೆ ಮಾಡದೇ "ಬದಲಿಸು" ಅನ್ನೋದು ಸಲಹೆ ಅಲ್ಲ, ಬ್ಯಾರೆಯವರ ಜೇಬಿನಾಗ ಕೈ ಹಾಕೋದು. ನಮ್ಮ ಕಡೆ ಹೆಚ್ಚಿನ ಝಟಕಾ ಬರೋದು ಯಂತ್ರ ಬಡವಾಗಿದ್ದಕ್ಕಲ್ಲ, ನಾವು ಅದರ ಮ್ಯಾಲೆ ಹೇರಿದ ಮಾಡ್‌ಗಳಿಂದ. ಅದನ್ನ ಕಂಡುಹಿಡಿಯಾಕ ದುಡ್ಡು ಬೇಕಿಲ್ಲ. ಒಂದು ಸಂಜಿ ಬೇಕು, ಒಂದು ನೋಟ್‌ಬುಕ್ ಬೇಕು.

ಭಾಗ 2/9

ಎಫ್‌ಪಿಎಸ್ ಸುಳ್ಳು ಹೇಳ್ತದ ಅಂದ್ರ ಕೆಲವರಿಗೆ ಸಿಟ್ಟು ಬರ್ತದ. ಲೆಕ್ಕ ಮಾಡೋಣ ಬರ್ರಿ.

ಸೆಕೆಂಡಿಗೆ 60 ಫ್ರೇಮ್ ಅಂದ್ರ ಒಂದೊಂದಕ್ಕೆ ಸುಮಾರು 16.7 ಮಿಲಿಸೆಕೆಂಡ್. ಈಗ ಒಂದು ಸೆಕೆಂಡಿನಲ್ಲಿ 54 ಫ್ರೇಮ್ ಸರಿಯಾಗಿ ಬಂದವು, ಅದಕ್ಕೆ 900 ಮಿಲಿಸೆಕೆಂಡ್ ಹೋಯ್ತು. ಉಳಿದ 100 ಮಿಲಿಸೆಕೆಂಡ್ ಪೂರ್ತಿ ಒಂದೇ ಫ್ರೇಮ್ ನುಂಗಿತು ಅಂತ ಇಟ್ಕೊಳ್ರಿ. ಒಟ್ಟು 55 ಫ್ರೇಮ್. ಮೂಲೆಯ ಅಂಕಿ 55 ತೋರಿಸ್ತದ. ನೀವು "55 ಅಂದ್ರ ಛಲೋನೇ ಅದಲ್ಲ" ಅಂತೀರಿ.

ಆದ್ರ ಆ 100 ಮಿಲಿಸೆಕೆಂಡಿನಾಗ ಏನಾಯ್ತು? ಕಾರು 200 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ ಸುಮಾರು 55 ಮೀಟರ್ ಓಡ್ತದ. 100 ಮಿಲಿಸೆಕೆಂಡಿಗೆ ಐದೂವರೆ ಮೀಟರ್. ಅಂದ್ರ ನೀವು ನೋಡ್ತಿರೋ ರಸ್ತೆ ಹಳೇದು, ಕಾರು ಐದೂವರೆ ಮೀಟರ್ ಮುಂದ ಹೋಗಿಬಿಟ್ಟದ. ಬ್ರೇಕ್ ಜಾಗ ತಪ್ಪಿತು, ಗೋಡೆಗೆ ಹೊಡೆದ್ರಿ. "ನನಗ ಡ್ರೈವಿಂಗ್ ಬರಲ್ಲ" ಅಂತ ಬೇಜಾರು ಮಾಡ್ಕೊಂಡ್ರಿ. ತಪ್ಪು ನಿಮ್ಮದಲ್ಲ.

ಯಾದಗಿರಿಯಿಂದ ಸುರಪುರಕ್ಕೆ ಬಸ್ಸಿನಲ್ಲಿ ಹೋಗೋರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಬಸ್ಸು ಸರಾಸರಿ ಎಷ್ಟು ವೇಗದಾಗ ಹೋಯ್ತು ಅಂತ ಯಾರೂ ನೆನಪಿಡಲ್ಲ. ಯಾವ ತಗ್ಗಿನಾಗ ತಲಿ ಮ್ಯಾಲಿನ ಕಂಬಿಗೆ ಬಡೀತು ಅನ್ನೋದು ನೆನಪಿರ್ತದ. ಎಫ್‌ಪಿಎಸ್ ಅನ್ನೋದು ಸರಾಸರಿ ವೇಗ. ಫ್ರೇಮ್‌ಟೈಮ್ ಅನ್ನೋದು ತಗ್ಗು ತೋರಿಸೋ ನಕ್ಷೆ.

ಆ ನಕ್ಷೆ ತೋರಿಸೋ ಸಾಧನಗಳು ಪುಕ್ಕಟೆ ಅವ. ಆಫ್ಟರ್‌ಬರ್ನರ್ ಜೊತೆ ಬರೋ ರಿವಾಟ್ಯೂನರ್ ಆಡುವಾಗಲೇ ಪರದೆ ಮ್ಯಾಲೆ ಗೆರೆ ಎಳೀತದ. ಕ್ಯಾಪ್‌ಫ್ರೇಮ್‌ಎಕ್ಸ್, ಪ್ರೆಸೆಂಟ್‌ಮಾನ್ ದಾಖಲೆ ಇಡ್ತವ. ಒಂದನ್ನ ಹಾಕ್ರಿ ಸಾಕು. ಇವತ್ತಿನ ಫೋಟೋದಾಗಿನ ಗೆರೆ ಶಹಾಪುರದ ಆ ಹುಡುಗನದು, ಹೊಸ ಕಾರ್ಡ್ ಹಾಕಿದ ಮರುದಿನದ್ದು. ಮೊದಲೇ ಎಳೆದು ನೋಡಿದ್ರೆ ಹೊಸ ಕಾರ್ಡಿನ ಮಾತೇ ಬರ್ತಿರಲಿಲ್ಲ.

ಭಾಗ 3/9

"ಒಂದು ಗೇಮ್‌ಗೆ ಇಷ್ಟ್ಯಾಕ್ರೀ ತಲಿ ಕೆಡಿಸ್ಕೋತೀರಿ?" ಕಾಮೆಂಟಿನಲ್ಲಿ ಈ ಮಾತು ಬಂದೇ ಬರ್ತದ. ಉತ್ತರ ಈಗಲೇ ಕೊಟ್ಟುಬಿಡ್ತೀನಿ.

ಫಾರ್ಮುಲಾ ಒನ್ ಭಾರತಕ್ಕೆ ಬಂದದ್ದು ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್‌ಗೆ, 2011ರಿಂದ 2013ರವರೆಗೆ ಮೂರು ವರ್ಷ. ಇನ್ನೆರಡು ಹೆಸರಾದ ಟ್ರ್ಯಾಕ್ ಇರೋದು ಕೊಯಮತ್ತೂರಿನಲ್ಲಿ ಮತ್ತು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈನಲ್ಲಿ. ಭೀಮಾ ದಂಡೆಯಿಂದ ಇವೆಲ್ಲಾ ನೂರಾರು ಕಿಲೋಮೀಟರ್ ದೂರ. ಅಲ್ಲಿಗೆ ಹೋದ್ರೂ ಕಾರು, ಟೈರು, ಎಂಟ್ರಿ ಫೀ ಲೆಕ್ಕ ನಮ್ಮ ಕಡೆಯ ಒಕ್ಕಲುತನದ ಮನೆಗೆ ಮುಟ್ಟೋ ಲೆಕ್ಕ ಅಲ್ಲ. ನಮ್ಮ ಹುಡುಗರಿಗೆ ಟ್ರ್ಯಾಕ್ ಅಂದ್ರ ಮನೆಯ ಮೂಲೆಯಲ್ಲಿರೋ ಕಂಪ್ಯೂಟರು. ಅದು ತಡವರಿಸಿದ್ರೆ ಅವರಿಗೆ ಬ್ಯಾರೆ ಟ್ರ್ಯಾಕ್ ಇಲ್ಲ.

ನಾವು ಆಡೋದು ಬಹಳಷ್ಟು ಜನ ಒಂದೇ ಗೇಮ್, ಅಸೆಟ್ಟೊ ಕೋರ್ಸಾ. ಇಟಲಿಯ ಕುನೋಸ್ ಸಿಮುಲಾಝಿಯೋನಿ ಅದನ್ನ ಪೂರ್ಣ ರೂಪದಲ್ಲಿ ಬಿಟ್ಟದ್ದು 2014ರ ಡಿಸೆಂಬರ್‌ನಲ್ಲಿ. ಹಳೇ ಗೇಮ್, ಸೇಲ್‌ನಲ್ಲಿ ಅಗ್ಗಕ್ಕೆ ಸಿಗ್ತದ, ಸಾಧಾರಣ ಯಂತ್ರದಲ್ಲಿ ಓಡ್ತದ. ಅದರ ಜೀವ ಇರೋದು ಮಾಡ್‌ಗಳಲ್ಲಿ. ಕಂಟೆಂಟ್ ಮ್ಯಾನೇಜರ್, ಕಸ್ಟಮ್ ಶೇಡರ್ಸ್ ಪ್ಯಾಚ್ ಬಂದ ಮ್ಯಾಲೆ ಮಳೆ, ರಾತ್ರಿ, ಹೆಡ್‌ಲೈಟ್ ಎಲ್ಲಾ ಬಂತು. ಸಾವಿರಾರು ಕಾರು, ಸಾವಿರಾರು ರಸ್ತೆ.

ಎರಡನೇ ಮಾತು, ದುಡ್ಡಿಂದು. ಬೆಂಗಳೂರಿನ ಎಸ್.ಪಿ. ರೋಡ್ ಪಕ್ಕದಲ್ಲಿರೋನು ತಪ್ಪು ಪಾರ್ಟ್ ತಂದ್ರ ಸಂಜಿಗೆ ಹೋಗಿ ಬದಲಿಸ್ತಾನ. ನಮ್ಮವನು ತಪ್ಪು ತಂದ್ರ ಮತ್ತೊಂದು ರಾತ್ರಿ ರೈಲು, ಮತ್ತೊಂದು ದಿನದ ದಗದ ಹೋಯ್ತು, ಮ್ಯಾಲೆ "ವಾರಂಟಿ ಇಲ್ಲ ತಮ್ಮಾ" ಅನ್ನೋ ಮಾತು. ಊರು ದೂರ ಇದ್ದಷ್ಟು ತಪ್ಪಿನ ಬೆಲೆ ಹೆಚ್ಚು. ಅದಕ್ಕೇ ಯೂಟ್ಯೂಬ್‌ನಲ್ಲಿ ಮಹಾನಗರದವರು ಹೇಳೋ "ಅಪ್‌ಗ್ರೇಡ್ ಮಾಡಿ ಬಿಡಿ" ಸಲಹೆ ನಮಗ ಹೊಂದಲ್ಲ. ನಮಗ ಬೇಕಾದ್ದು ಕಡಿಮೆ ತಪ್ಪು ಮಾಡೋ ದಾರಿ.

ಭಾಗ 4/9

ಜ್ವರ ಬಂದವರು ಹೋದ್ರ ಹಳೇ ಡಾಕ್ಟರು ಗುಳಿಗಿ ಕೊಡೋ ಮುಂಚೆ ಕೇಳ್ತಿದ್ರು: ಯಾವಾಗ ಬರ್ತದ? ದಿನಾ ಬರ್ತದೋ, ದಿನ ಬಿಟ್ಟು ದಿನಾನೋ? ಝಟಕಾಕ್ಕೂ ಇದೇ ಪ್ರಶ್ನೆ. ನೋಟ್‌ಬುಕ್ ತಗೊಂಡು ಬರೀರಿ.

ಒಂದು. ಮೊದಲ ಸುತ್ತಿನಲ್ಲಿ ಮಾತ್ರ ಬಂದು ಎರಡನೇ ಸುತ್ತಿಗೆ ಮಾಯ ಆಗ್ತದೇನು? ಹಂಗಿದ್ರ ಚಿಂತಿ ಬ್ಯಾಡ. ಹೊಸ ಟೆಕ್ಸ್‌ಚರ್, ಹೊಸ ಶೇಡರ್ ಮೊದಲ ಸಲ ತಯಾರಾಗೋ ಹೊತ್ತು ಅದು. ಒಂದು ಸುತ್ತು ಸುಮ್ನೆ ಓಡಿಸಿ ಆಮೇಲೆ ರೇಸ್ ಶುರು ಮಾಡ್ರಿ.

ಎರಡು. ಪ್ರತಿ ಸುತ್ತಿನಲ್ಲೂ ಅದೇ ತಿರುವಿನಲ್ಲಿ ಬರ್ತದೇನು? ಹಂಗಿದ್ರ ಟ್ರ್ಯಾಕ್ ಮಾಡ್ ಮ್ಯಾಲೆ ಸಂಶಯ. ಅಲ್ಲಿ ಗಿಡ, ಜನ, ಸ್ಟ್ಯಾಂಡ್ ಒಮ್ಮೆಲೇ ಕಣ್ಣಿಗೆ ಬೀಳ್ತಿರಬೇಕು.

ಮೂರು. ಬ್ಯಾರೆ ಕಾರುಗಳು ಹತ್ರ ಬಂದಾಗ, ಅದರಲ್ಲೂ ಸ್ಟಾರ್ಟ್ ಸಾಲಿನಲ್ಲಿ, ಮೊದಲ ತಿರುವಿನ ಗುಂಪಿನಲ್ಲಿ ಬರ್ತದೇನು? ಹಂಗಿದ್ರ ಕಾರು ಮಾಡ್.

ನಾಕು. ಜಾಗ ಯಾವುದೇ ಇರಲಿ, ಗಡಿಯಾರ ಹಿಡಿದಂಗ ಇಷ್ಟು ಸೆಕೆಂಡಿಗೆ ಒಮ್ಮೆ ಬರ್ತದೇನು? ಹಂಗಿದ್ರ ಹಿಂದೆ ಯಾವುದೋ ಪ್ರೋಗ್ರಾಮ್ ಎದ್ದೆದ್ದು ಕುಂದ್ರಲಾಕತ್ತದ. ಗೇಮ್ ಒಳಗಿನ ಸಣ್ಣ ಆ್ಯಪ್ ಇರಬಹುದು, ಲೈಟ್ ಬಣ್ಣ ಬದಲಿಸೋ ಸಾಫ್ಟ್‌ವೇರ್ ಇರಬಹುದು, ಆ್ಯಂಟಿವೈರಸ್ ಇರಬಹುದು.

ಐದು. ಮೊದಲ ಕಾಲು ತಾಸು ಛಲೋ ಇದ್ದು ಆಮೇಲೆ ಶುರು ಆಗ್ತದೇನು? ಹಂಗಿದ್ರ ಬಿಸಿ. ಅದರ ಬಗ್ಗೆ ಏಳನೇ ಭಾಗದಾಗ.

ನಾನು ಶಹಾಪುರದ ಹುಡುಗನಿಗೆ ತಡವಾಗಿ ಕೇಳಿದ ಪ್ರಶ್ನೆ ಒಂದೇ: "ಟ್ರ್ಯಾಕ್‌ನಾಗ ನೀನೊಬ್ಬನೇ ಓಡಿಸಿದ್ರ ಬರ್ತದೇನು?" ಒಂದು ನಿಮಿಷ ಬಿಟ್ಟು ಉತ್ತರ ಬಂತು: "ಇಲ್ಲಣ್ಣಾ, ಒಬ್ಬನೇ ಇದ್ರ ಬೆಣ್ಣಿ ಹಂಗ ಹೋಗ್ತದ."

ಆ ಪ್ರಶ್ನೆ ಮೊದಲೇ ಕೇಳಿದ್ರ 14,000 ರೂಪಾಯಿ ಉಳೀತಿತ್ತು.

ಭಾಗ 5/9

ಲಕ್ಷಣ ಬರೆದಾದ ಮ್ಯಾಲೆ ಶುದ್ಧ ನೆಲಕ್ಕೆ ಬರ್ರಿ. ಅಂದ್ರ ಮಾಡ್ ಏನೂ ಇಲ್ಲದ ಒಂದು ಪರೀಕ್ಷೆ.

ಗೇಮ್ ಜೊತೆಗೇ ಬಂದ ಕಾರು, ಗೇಮ್ ಜೊತೆಗೇ ಬಂದ ಟ್ರ್ಯಾಕ್. ನಾನು ಅಬಾರ್ತ್ 500 ಮತ್ತು ಮಾಜಿಯೋನೆ ಇಟ್ಕೊಂಡೀನಿ, ಎರಡೂ ಸಣ್ಣವು, ಹಗುರ. ಕಂಟೆಂಟ್ ಮ್ಯಾನೇಜರ್‌ನಲ್ಲಿ ಶೇಡರ್ಸ್ ಪ್ಯಾಚ್ ಆರಿಸ್ರಿ. ಪರದೆ ಮ್ಯಾಲಿನ ಆ್ಯಪ್‌ಗಳನ್ನ ಪೂರ್ತಿ ತೆಗೀರಿ. ಒಬ್ಬರೇ ಮೂರು ಸುತ್ತು ಓಡಿಸಿ ಗೆರೆ ನೋಡ್ರಿ.

ಇಲ್ಲೂ ಮುಳ್ಳು ಬಂದ್ರ ಮಾಡ್‌ಗಳು ನಿರಪರಾಧಿ. ವಿಂಡೋಸ್, ಡ್ರೈವರ್, ಬಿಸಿ, ಕರೆಂಟು, ಯಂತ್ರ, ಇವುಗಳ ಕಡೆ ಹೋಗಬೇಕು. ಗೆರೆ ಸಪಾಟಾಗಿ ಬಂದ್ರ ಯಂತ್ರದ ಮ್ಯಾಲಿನ ಸಂಶಯ ಅರ್ಧಕ್ಕರ್ಧ ಇಳೀತು. ಆಮೇಲೆ ಒಂದೊಂದೇ ವಾಪಸ್ ಹಾಕ್ರಿ: ಮೊದಲು ಪ್ಯಾಚ್, ಆಮೇಲೆ ಹವಾಮಾನದ ಮಾಡ್, ಆಮೇಲೆ ಆ್ಯಪ್‌ಗಳು, ಆಮೇಲೆ ಟ್ರ್ಯಾಕ್, ಕೊನೆಗೆ ಕಾರುಗಳು.

ಒಂದೊಂದೇ. ಇದನ್ನ ಎಷ್ಟು ಸಲ ಹೇಳಿದ್ರೂ ಕಡಿಮೆ. ನಮ್ಮ ಅವಸರ ಹೆಂಗಿರ್ತದಂದ್ರ, ಡ್ರೈವರ್ ಬದಲಿಸ್ತೀವಿ, ಗ್ರಾಫಿಕ್ಸ್ ಇಳಿಸ್ತೀವಿ, ಯಾವನೋ ಹೇಳಿದ ರಿಜಿಸ್ಟ್ರಿ ತಿದ್ದುಪಡಿನೂ ಮಾಡ್ತೀವಿ, ಮೂರೂ ಒಂದೇ ಸಂಜಿ. ಸರಿಹೋದ್ರ ಯಾವುದರಿಂದ ಹೋಯ್ತು ಗೊತ್ತಿಲ್ಲ, ಕೆಟ್ಟರೆ ಯಾವುದರಿಂದ ಕೆಟ್ಟಿತು ಗೊತ್ತಿಲ್ಲ. ಮೂರು ಔಷಧ ಒಮ್ಮೆಲೇ ಹೊಡೆದ ಹೊಲದಂಗ: ಹುಳ ಸತ್ತಿತು, ಯಾವುದಕ್ಕ ಸತ್ತಿತು? ಮುಂದಿನ ವರ್ಷ ಮತ್ತೆ ಮೂರಕ್ಕೂ ದುಡ್ಡು.

ಒಂದು ಗುಂಪಿನಾಗ ತಪ್ಪಿತಸ್ಥ ಯಾರು ಗೊತ್ತಾಗದಿದ್ರ ಅರ್ಧ ಮಾಡ್ರಿ. 16 ಕಾರುಗಳ ಗ್ರಿಡ್‌ನಲ್ಲಿ ಒಂದು ಕೆಟ್ಟದ್ದು ಅಂದ್ರ, 8 ತೆಗೆದು ನೋಡ್ರಿ. ಝಟಕಾ ಇರೋ ಕಡೆಯ 8ರಲ್ಲಿ 4, ಆಮೇಲೆ 2, ಆಮೇಲೆ 1. ನಾಕೇ ಪರೀಕ್ಷೆಯಲ್ಲಿ ಸಿಕ್ತದ. ಎರಡು ಕೆಟ್ಟವಿದ್ರ ಮೊದಲನೇದು ಸಿಕ್ಕ ಮ್ಯಾಲೆ ಇನ್ನೊಂದು ಸುತ್ತು.

ಒಂದು ಸಣ್ಣ ಮಾತು: ಡಿಸ್ಕಿನಾಗ ಸುಮ್ನೆ ಕುಂತ ಕಾರು ತೊಂದ್ರಿ ಕೊಡಲ್ಲ. ಗ್ರಿಡ್‌ನಾಗ ಬಂದು ನಿಂತದ್ದು ಕೊಡ್ತದ. ಅದಕ್ಕ 300 ಕಾರು ಅಳಿಸಿ ಕಣ್ಣೀರು ಹಾಕಬ್ಯಾಡ್ರಿ.

ಭಾಗ 6/9

ಈಗ ಆ ಹುಡುಗನ ಗ್ರಿಡ್‌ನಾಗ ಸಿಕ್ಕಿದ್ದು ಏನು ಅಂತ ಹೇಳ್ತೀನಿ. ಈ ಭಾಗ ಸೇವ್ ಮಾಡ್ಕೊಳ್ರಿ.

ಶಹಾಪುರದ ಮಲಗಿದ ಬುದ್ಧನ ಬೆಟ್ಟ ನೋಡೀರಲ್ಲ? ದೂರದಿಂದ ನೋಡಿದ್ರ ತಲಿ, ಎದಿ, ಕಾಲು ಎಲ್ಲಾ ಕಾಣ್ತದ. ಹತ್ರ ಹೋದ್ರ ಬರೀ ಕಲ್ಲು ಬಂಡಿ. ರಸ್ತೆಯಲ್ಲಿ ನಿಂತ ಕಣ್ಣಿಗೆ ಪ್ರತಿ ಕಲ್ಲೂ ಬೇಕಿಲ್ಲ, ಒಂದು ಅಂಚು ಸಾಕು. ಗೇಮ್‌ನಲ್ಲೂ ಇದೇ ತಂತ್ರ. ಕಾರು ಹತ್ರ ಇದ್ದಾಗ ಪೂರ್ತಿ ವಿವರದ ಮಾದರಿ, ದೂರ ಹೋದಂಗ ಕಡಿಮೆ ತ್ರಿಕೋನಗಳ ಹಗುರ ಮಾದರಿ. ಇದಕ್ಕ ಎಲ್‌ಒಡಿ ಅಂತಾರ. ಒಳ್ಳೆ ಕಾರಿಗೆ ಎ, ಬಿ, ಸಿ, ಡಿ ಅಂತ ನಾಕು ಮಾದರಿ ಇರ್ತಾವ.

ಹುಡುಗನ ಗ್ರಿಡ್‌ನಾಗ ಒಂದು ಕಾರು, ಎಲ್ಲಿಂದಲೋ ಪುಕ್ಕಟೆ ಇಳಿಸಿದ್ದು, ಎ ಮಾತ್ರ ಇತ್ತು. ಒಂದು ಕಾರಿಗೆ 4 ಲಕ್ಷ ತ್ರಿಕೋನ ಅಂತ ಇಟ್ಕೊಂಡ್ರೂ ಅಂಥ 20 ಕಾರು ನಿಂತ್ರ 80 ಲಕ್ಷ. ಅರ್ಧ ಕಿಲೋಮೀಟರ್ ದೂರದ ಕಾರಿನ ಸ್ಟೀರಿಂಗ್ ಬಟನ್ ಕೂಡ ಯಂತ್ರ ಲೆಕ್ಕಕ್ಕ ತಗೋಬೇಕು. ಮ್ಯಾಲೆ ಕನ್ನಡಿಯಲ್ಲಿ ಮತ್ತೊಮ್ಮೆ, ಬಾನೆಟ್ ಹೊಳಪಿನಲ್ಲಿ ಮತ್ತೊಮ್ಮೆ. ಪ್ರತಿ ಭಾಗ ಬಿಡಿಸೋ ಆಜ್ಞೆ ಹೋಗೋದು ಪ್ರೊಸೆಸರ್‌ನಿಂದ. ಕಾರ್ಡ್ ಎಷ್ಟು ದೊಡ್ಡದಿದ್ರೂ ಆಜ್ಞೆ ಬರೋವರೆಗೆ ಕಾಯಲೇಬೇಕು. ಹೊಸ ಕಾರ್ಡ್ ಕೆಲಸಕ್ಕೆ ಬಾರದ್ದು ಅದಕ್ಕೇ. ಡೆವಲಪರ್ ಆ್ಯಪ್‌ಗಳನ್ನ ಆನ್ ಮಾಡಿದ್ರ ರೆಂಡರ್ ಸ್ಟ್ಯಾಟ್ಸ್ ಕಿಟಕಿಯಲ್ಲಿ ಈ ಲೆಕ್ಕ ಕಾಣ್ತದ.

ಇನ್ನೊಂದು ತಪ್ಪು ಸ್ಕಿನ್‌ಗಳದು. 4096 ಅಗಲ, 4096 ಎತ್ತರದ ಚಿತ್ರ ಕುಗ್ಗಿಸದೇ ಇಟ್ರ ಒಂದಕ್ಕೆ 64 ಎಂಬಿ ವಿಡಿಯೋ ಮೆಮೊರಿ. 8 ಸ್ಕಿನ್, ಒಂದೊಂದರಾಗ ಅಂಥ ಎರಡು ಚಿತ್ರ ಅಂದ್ರ 1 ಜಿಬಿ. 4 ಜಿಬಿ ಕಾರ್ಡಿನ ಕಾಲು ಭಾಗ ಬರೀ ಬಣ್ಣಕ್ಕ ಹೋಯ್ತು. ಮೆಮೊರಿ ತುಂಬಿದ ಮ್ಯಾಲೆ ಚಿತ್ರಗಳು ರ್‍ಯಾಮ್‌ಗೆ ಹೋಗಿ ಬಂದು ಮಾಡ್ತಾವ, ಆ ಓಡಾಟವೇ ಝಟಕಾ. ಅದೇ ಚಿತ್ರ 2048ಕ್ಕ ಇಳಿಸಿ, ಡಿಡಿಎಸ್ ಆಗಿ ಕುಗ್ಗಿಸಿ ಇಟ್ರ ಒಂದಕ್ಕೆ 4 ಎಂಬಿ, ಒಟ್ಟು 64. ಪುಕ್ಕಟೆ ಸಿಗೋ ಪೇಂಟ್ ಡಾಟ್ ನೆಟ್ ಈ ಕೆಲಸ ಮಾಡ್ತದ. ಓಡುವಾಗ ವ್ಯತ್ಯಾಸ ಕಣ್ಣಿಗೆ ಬೀಳಲ್ಲ.

ಭಾಗ 7/9

ಇದು ಯಾವ ವಿದೇಶಿ ಗೈಡ್‌ನಾಗೂ ಸಿಗಲ್ಲ, ಯಾಕಂದ್ರ ಅದನ್ನ ಬರೆದವರು ನಮ್ಮ ಬ್ಯಾಸಿಗಿ ಕಂಡಿಲ್ಲ.

ಏಪ್ರಿಲ್, ಮೇನಾಗ ಇಲ್ಲಿ 40 ಡಿಗ್ರಿ ದಾಟೋದು ಸುದ್ದಿನೇ ಅಲ್ಲ. ಯಾದಗಿರಿ ಕೋಟೆ ಗುಡ್ಡದ ಕಲ್ಲು ರಾತ್ರಿ ಹತ್ತಕ್ಕೂ ಉಗುರುಬೆಚ್ಚಗೆ ಇರ್ತದ. ಫ್ಯಾನು ಚಿಪ್‌ನ ತಣಿಸೋದು ಕೋಣೆಯ ಗಾಳಿಯಿಂದ. ಕೋಣೆ 28ರಿಂದ 40ಕ್ಕ ಹೋದ್ರ ಚಿಪ್‌ನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರ್ತದ. ಮಿತಿ ಮುಟ್ಟಿದ ತಕ್ಷಣ ಚಿಪ್ ತಾನಾಗೇ ವೇಗ ಇಳಿಸ್ತದ, ತಣ್ಣಗಾದ ಮ್ಯಾಲೆ ಏರಿಸ್ತದ. ಈ ಏರಿಳಿತ ಗೆರೆಯ ಮ್ಯಾಲೆ ಅಲೆ ಆಗಿ ಕಾಣ್ತದ. ಪರೀಕ್ಷೆ ಸರಳ: ಅದೇ ಕಾರು, ಅದೇ ಟ್ರ್ಯಾಕ್, ಬೆಳಿಗ್ಗೆ 6ಕ್ಕೊಮ್ಮೆ, ಮಧ್ಯಾಹ್ನ 3ಕ್ಕೊಮ್ಮೆ ಓಡಿಸ್ರಿ. ಎರಡು ಗೆರೆ ಬ್ಯಾರೆ ಬ್ಯಾರೆ ಬಂದ್ರ ಉತ್ತರ ಸಿಕ್ತು.

ಔಷಧಿ? ಮೊದಲು ಧೂಳು. ಹತ್ತಿ ಜಿನ್ನಿಂಗ್ ಇರೋ ಕಡೆ ಎಳಿ ಗಾಳಿಯಲ್ಲೇ ಇರ್ತದ, ಹೀಟ್‌ಸಿಂಕ್ ಮ್ಯಾಲೆ ಚಾದರದಂಗ ಕುಂದ್ರತದ. ಯಂತ್ರ ಆರಿಸಿ, ಫ್ಯಾನು ಬೆರಳಿನಿಂದ ಹಿಡಿದು, ಬ್ರಷ್‌ನಿಂದ ತೆಗೀರಿ. ಎರಡನೇದು ಎಫ್‌ಪಿಎಸ್‌ಗೆ ಕಡಿವಾಣ. ಮಾನಿಟರ್ 60 ಹರ್ಟ್ಸ್ ಇದ್ರ 60ಕ್ಕ ಕಟ್ರಿ. 110 ಎಳೆದು ಯಂತ್ರ ಕಾಯಿಸೋದರಾಗ ಏನೂ ಲಾಭ ಇಲ್ಲ.

ಇನ್ನು ಕರೆಂಟು. ಸುರಪುರದ ಒಬ್ಬ ದೋಸ್ತ ಲ್ಯಾಪ್‌ಟಾಪ್‌ನಾಗ ಆಡ್ತಾನ. ಅವನ ಝಟಕಾಕ್ಕ ಲೆಕ್ಕನೇ ಸಿಗ್ತಿರಲಿಲ್ಲ. ಒಂದಿನ ಬರ್ತದ, ಒಂದಿನ ಇಲ್ಲ. ಅದೇ ತಿರುವಲ್ಲ, ಅದೇ ಕಾರಲ್ಲ. ಕಡೀಕ ಅವನ ತಾಯಿನೇ ಹೇಳಿದ್ರು: "ಟ್ಯೂಬ್‌ಲೈಟ್ ಮಿಣುಕಿದಾಗೆಲ್ಲಾ ಇವ ಚೀರ್ತಾನ." ವೋಲ್ಟೇಜ್ ಬಿದ್ದ ಕ್ಷಣ ಲ್ಯಾಪ್‌ಟಾಪ್ ಬ್ಯಾಟರಿಗೆ ಹೋಗ್ತಿತ್ತು, ಗ್ರಾಫಿಕ್ಸ್ ಚಿಪ್ ಶಕ್ತಿ ಕಡಿಮೆ ಮಾಡ್ಕೋತಿತ್ತು, ಮತ್ತೆ ವಾಪಸ್. ಮನೆಯ ಇನ್ವರ್ಟರ್ ಸಾಲಿಗೆ ಪ್ಲಗ್ ಬದಲಿಸಿದ, ಮುಗೀತು. ಗೆರೆಗಿಂತ ಮುಂಚೆ ಆ ತಾಯಿ ಕಣ್ಣು ಹಿಡಿದುಬಿಟ್ಟಿತ್ತು. ಮನೆಯವರ ಮಾತನ್ನೂ ನೋಟ್‌ಬುಕ್‌ನಾಗ ಬರ್ಕೊಳ್ರಿ.

ಭಾಗ 8/9

ಈಗ ಎದುರು ಮಾತಿಗೆ ಬರೋಣ. "ಹಂಗಾದ್ರ ಪಾರ್ಟ್ ಬದಲಿಸಲೇಬಾರದೇನು?" ನಾನು ಹಂಗ ಹೇಳಿಲ್ಲ.

ಕೆಲವು ಸಲ ಯಂತ್ರವೇ ಸಾಲಲ್ಲ. ಗೇಮ್ ಇನ್ನೂ ಹಳೇ ಹಾರ್ಡ್ ಡಿಸ್ಕ್‌ನಾಗ ಇದ್ದು, ಮುಳ್ಳು ಎದ್ದಾಗೆಲ್ಲಾ ಡಿಸ್ಕ್ 100 ಪ್ರತಿಶತ ತೋರಿಸಿದ್ರ ಎಸ್‌ಎಸ್‌ಡಿ ತಗೊಳ್ರಿ, ದುಡ್ಡು ದಂಡ ಆಗಲ್ಲ. 8 ಜಿಬಿ ರ್‍ಯಾಮ್ ತುಂಬಿ ತುಳುಕ್ತಿದ್ರ ಇನ್ನೊಂದು 8 ಹಾಕ್ರಿ. ಒಂಟಿ ಕಡ್ಡಿ ಇದ್ದಲ್ಲಿ ಜೋಡಿ ಆದ್ರ ಮೆಮೊರಿಯ ದಾರಿನೂ ಅಗಲ ಆಗ್ತದ, ಗ್ರಾಫಿಕ್ಸ್ ಪ್ರೊಸೆಸರ್‌ನೊಳಗೇ ಇರೋ ಯಂತ್ರಗಳಿಗೆ ಅದರ ಗುಣ ಹೆಚ್ಚು. ಶುದ್ಧ ನೆಲದ ಪರೀಕ್ಷೆಯಲ್ಲೂ, ಗ್ರಾಫಿಕ್ಸ್ ಇಳಿಸಿದ್ರೂ, ಗಾಳಿ ತಣ್ಣಗಿದ್ರೂ ಕಾರ್ಡ್ ಸದಾ 99 ಪ್ರತಿಶತದಲ್ಲಿ ಏದುಸಿರು ಬಿಡ್ತಿದ್ರ, ಆಗ ಕಾರ್ಡ್ ಬದಲಿಸ್ರಿ. ಮನಸ್ಸಿನಾಗ ಅಳುಕಿಲ್ಲದೇ ತಗೊಳ್ರಿ.

ವ್ಯತ್ಯಾಸ ಇಷ್ಟೇ. ಸಾಕ್ಷಿ ನೋಡಿ ಕೊಂಡದ್ದು ಅಪ್‌ಗ್ರೇಡ್. ಊಹೆ ಮ್ಯಾಲೆ ಕೊಂಡದ್ದು ಲಾಟರಿ.

ಇನ್ನೊಂದು ಮಾತು, ಇದು ಬಹಳ ಜನರಿಗೆ ತಿಳಿದಿಲ್ಲ. 60 ಹರ್ಟ್ಸ್ ಮಾನಿಟರ್ ಪ್ರತಿ 16.7 ಮಿಲಿಸೆಕೆಂಡಿಗೆ ಒಮ್ಮೆ ಹೊಸ ಚಿತ್ರ ಕೇಳ್ತದ. ವಿ-ಸಿಂಕ್ ಹಾಕಿದಾಗ ನಿಮ್ಮ ಫ್ರೇಮ್ 17ಕ್ಕ ತಯಾರಾಯ್ತು ಅಂದ್ರ ಕೂದಲೆಳೆಯಲ್ಲಿ ಬಸ್ ತಪ್ಪಿತು. ಮುಂದಿನ ಬಸ್ 33.3ಕ್ಕ. ಬರೀ 0.3 ತಡ, ಶಿಕ್ಷೆ ಮಾತ್ರ ಇಡೀ ಒಂದು ಫ್ರೇಮ್. ಅದಕ್ಕ "60 ಮುಟ್ಲಾಕತ್ತದ" ಅನ್ನೋ ಅಂಚಿನಾಗ ನಿಲ್ಲಬ್ಯಾಡ್ರಿ. ನೆರಳು, ಕನ್ನಡಿ, ಹೊಳಪು ಒಂದೊಂದು ಮೆಟ್ಟಿಲು ಇಳಿಸಿ, ಗುಂಪಿನ ನಡುವೆಯೂ ಫ್ರೇಮ್ 13-14 ಮಿಲಿಸೆಕೆಂಡಿನಾಗ ಮುಗಿಯೋ ಹಂಗ ಇಡ್ರಿ. ಸ್ಟ್ಯಾಂಡಿಗೆ ಐದು ನಿಮಿಷ ಮುಂಚೆ ಹೋಗಿ ನಿಂತಂಗ.

ಗ್ರಾಫಿಕ್ಸ್ ಇಳಿಸೋದು ನಮ್ಮ ಹುಡುಗರಿಗೆ ಅವಮಾನ ಅನ್ನಿಸ್ತದ. ಸ್ಕ್ರೀನ್‌ಶಾಟ್ ಹಾಕಬೇಕಲ್ಲ. ಆದ್ರ ಸ್ಕ್ರೀನ್‌ಶಾಟ್ ನಿಂತ ಚಿತ್ರ, ಅದರಾಗ ಝಟಕಾ ಕಾಣಲ್ಲ. ನಾನೂ ಎಷ್ಟೋ ವರ್ಷ ಇಲ್ಲಿ ನಿಂತ ಚಿತ್ರಗಳನ್ನೇ ತೋರಿಸಿ ನಿಮ್ಮ ಆಸಿ ಹೆಚ್ಚಿಸೀನಿ. ಆ ತಪ್ಪು ನನ್ನದೂ ಅದ.

ಭಾಗ 9/9

ಕಥಿ ಮುಗಿಸ್ತೀನಿ.

ಎರಡು ಸಂಜಿ ವಿಡಿಯೋ ಕಾಲ್‌ನಾಗ ಕುಂತು ಹುಡುಗನ ಗ್ರಿಡ್ ಅರ್ಧ ಅರ್ಧ ಮಾಡಿದ್ವಿ. ಎರಡು ಕಾರು ಸಿಕ್ಕವು. ಒಂದಕ್ಕೆ ಎಲ್‌ಒಡಿ ಇರಲಿಲ್ಲ, ಅದನ್ನ ಗ್ರಿಡ್‌ನಿಂದ ತೆಗೆದ್ವಿ. ಇನ್ನೊಂದರ ಸ್ಕಿನ್‌ಗಳನ್ನ ಕುಗ್ಗಿಸಿದ್ವಿ. ಗೆರೆ ಸಪಾಟ್ ಆಯ್ತು. ಆಮೇಲೆ ಅವನೇ ಮೆಲ್ಲಗ ಕೇಳಿದ: "ಅಣ್ಣಾ, ಹಳೇ ಕಾರ್ಡ್ ವಾಪಸ್ ಹಾಕಿ ನೋಡ್ಲೇನು?" ಹಾಕಿದ. ಅಷ್ಟೇ ಸಪಾಟ್.

ಹೊಸ ಕಾರ್ಡ್ 11,000ಕ್ಕ ಹೋಯ್ತು. 3,000 ಲುಕ್ಸಾನ. ಅರ್ಧ ನಾನು ಕೊಟ್ಟೆ. ಬ್ಯಾಡ ಅಂದ, ಆಮೇಲೆ ತಗೊಂಡ. ಅವರ ಅಪ್ಪನಿಗೆ ಏನು ಹೇಳಿದ ಅಂತ ನಾನು ಕೇಳಿಲ್ಲ, ಕೇಳೋ ಧೈರ್ಯನೂ ಆಗಲಿಲ್ಲ.

ಆ ಕಾರನ್ನ ಅಳಿಸು ಅಂದಾಗ ಅವನು ಒಂದು ಕ್ಷಣ ಸುಮ್ಮನಿದ್ದ. 700 ಎಂಬಿ, ಮೊಬೈಲ್ ಹಾಟ್‌ಸ್ಪಾಟ್‌ನಾಗ ದಿನದ ಡೇಟಾ ಉಳಿಸಿ ಇಳಿಸಿದ್ದು. ನನಗ ಅರ್ಥ ಆಯ್ತು. ಕಷ್ಟಪಟ್ಟು ಸಿಕ್ಕದ್ದನ್ನ ಬಿಡೋದು ನಮ್ಮ ಕಡೆ ಯಾರಿಗೂ ಸುಲಭ ಅಲ್ಲ. ಅದಕ್ಕೇ ನಮ್ಮ ಯಂತ್ರಗಳು ತುಂಬಿ ನಿಂತಾವ. "ಅಳಿಸಬ್ಯಾಡ, ಗ್ರಿಡ್‌ನಾಗ ನಿಲ್ಲಿಸಬ್ಯಾಡ ಅಷ್ಟೇ. ಒಬ್ಬನೇ ಇದ್ದಾಗ ಓಡಿಸು" ಅಂದೆ. ನಕ್ಕ.

ಈಗ ಅವನು ಬ್ಲೆಂಡರ್ ಕಲೀಲಾಕತ್ಯಾನ. ಶಹಾಪುರದಿಂದ ಸುರಪುರದ ರಸ್ತೆಯನ್ನ ಟ್ರ್ಯಾಕ್ ಮಾಡಬೇಕಂತ. ಮೊದಲ ಚಿತ್ರ ಕಳಿಸಿದ್ದ. ರಸ್ತೆ ಇನ್ನೂ ಡೊಂಕು, ಗಿಡಗಳಿಗೆ ಬಣ್ಣ ಇಲ್ಲ. ಆದ್ರ ದೂರದ ಬುದ್ಧನ ಬೆಟ್ಟಕ್ಕ ಕೆಲವೇ ತ್ರಿಕೋನ ಬಳಸಿ ಅಂಚು ಮಾತ್ರ ಕೆತ್ತಿದ್ದ. ಕೆಳಗ ಬರೆದಿದ್ದ: "ಇಷ್ಟು ಸಾಕಲ್ಲಣ್ಣಾ?" ಸಾಕು ಅಂದೆ.

ನನ್ನ ಕೋರಿಕೆ ಎರಡು. ಯಾರಾದ್ರೂ "ಝಟಕಾ ಬರ್ತದ" ಅಂದ್ರ ಉತ್ತರ ಕೊಡೋ ಮುಂಚೆ ಮೂರು ಪ್ರಶ್ನೆ ಕೇಳ್ರಿ: ಎಲ್ಲಿ ಬರ್ತದ, ಯಾವಾಗ ಬರ್ತದ, ಒಬ್ಬನೇ ಇದ್ದಾಗ ಬರ್ತದೇನು? ಮತ್ತ ಮಾಡ್ ಹಂಚೋ ಮುಂಚೆ ಅದು ಹಗುರ ಅದ ಇಲ್ಲೋ ನೀವೇ ಓಡಿಸಿ ನೋಡ್ರಿ. ಪುಕ್ಕಟೆ ಕೊಟ್ಟೀವಿ ಅಂದ ಮಾತ್ರಕ್ಕ ಬ್ಯಾರೆಯವರಿಗೆ ಖರ್ಚಾಗಲ್ಲ ಅಂತಲ್ಲ.

ನಿಮ್ಮ ಗೆರೆ ಹೆಂಗದ? ಎಲ್ಲಿ ಮುಳ್ಳು ಏಳ್ತದ? ಕಾಮೆಂಟಿನಾಗ ಬರೀರಿ. ಗ್ರಾಫಿಕ್ಸ್ ಕಾರ್ಡ್ ಹೆಸರು ಆಮೇಲೆ ಹೇಳೀರಂತ, ಮೊದಲು ಲಕ್ಷಣ ಹೇಳ್ರಿ.

#ಝಟಕಾ #ಸಿಮ್‌ರೇಸಿಂಗ್ #ಅಸೆಟ್ಟೊಕೋರ್ಸಾ #ಯಾದಗಿರಿ #ಶಹಾಪುರ #ಸುರಪುರ #ಗೆರೆನೋಡ್ರಿ